ಒಂದು ಸಾಲಿನಲ್ಲಿ ಎಷ್ಟು ಹಿಡಿಸೀತು?

ಶಿರಸಿ ಎಂದು ಬರೆದರೆ ನಮ್ಮ ಕಣ್ಣಿಗೆ ಮೂರೇ ಅಕ್ಷರ. ಕಂಪ್ಯೂಟರಿಗೆ ಐದು: ಶ, ಗುಡಿಸು, ರ, ಸ, ಮತ್ತೆ ಗುಡಿಸು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಇಂಥ ಒಂದೊಂದು ಸಂಕೇತಕ್ಕೂ 3 ಬೈಟ್ ಜಾಗ, ಅಂದರೆ ಒಟ್ಟು 15. ಅದೇ ಹೆಸರು ರೋಮನ್ ಲಿಪಿಯಲ್ಲಿ 5 ಬೈಟಿನಲ್ಲಿ ಮುಗಿಯುತ್ತದೆ. ಇಲ್ಲಿ ಕೂತಿರುವ ವಿದ್ಯಾರ್ಥಿಗಳು ಮೊದಲು ಈ ಲೆಕ್ಕ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಈ ಸೀಮೆಯ ಒಂದು ಸೊಸೈಟಿಯ ಅಡಿಕೆ ಲೆಕ್ಕವನ್ನು ಕಂಪ್ಯೂಟರಿಗೆ ತರುವಾಗ ನಾನು ಸದಸ್ಯರಿಗೊಂದು ಸಾಲು ಇಟ್ಟೆ. ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಕೋಕ: ಆರು ಬಗೆ, ಹನ್ನೆರಡು ತಿಂಗಳು. ಪ್ರತಿಯೊಂದಕ್ಕೂ ಒಂದು ಷರಾ ಕಾಲಂ, ಹೀಗೆ 72. ಎಲ್ಲವೂ ಹೆಚ್ಚೆಂದರೆ 255 ಅಕ್ಷರದ ಬರಹ ಹಿಡಿಸುವ ವಾರ್‌ಚಾರ್. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶ ಆ ಟೇಬಲ್ಲನ್ನೇ ಒಪ್ಪಲಿಲ್ಲ. ಅಲ್ಲಿ ಒಂದು ಸಾಲಿನ ಮಿತಿ 65,535 ಬೈಟ್. ಅದು ನಾವು ತುಂಬಿದ್ದನ್ನಲ್ಲ, ತುಂಬಬಹುದಾದ್ದನ್ನು ಅಳೆಯುತ್ತದೆ. ಯಾವ ಲಿಪಿಯೂ ಬರಬಹುದೆಂದು ಅಕ್ಷರಕ್ಕೆ ಗರಿಷ್ಠ 4 ಬೈಟ್ ಹಿಡಿದು ಒಂದು ಕಾಲಮ್ಮಿಗೆ 1,020, ಉದ್ದ ಬರೆದಿಡಲು ಇನ್ನೆರಡು. 64 ಕಾಲಂ ಹಿಡಿಸುತ್ತದೆ, 65ನೆಯದು ಹಿಡಿಸುವುದಿಲ್ಲ. ಒಂದು ಗೋಟಡಿಕೆಯೂ ಒಳಗೆ ಬೀಳುವ ಮೊದಲೇ ಕಣಜ ತುಂಬಿತ್ತು.

ಎಲ್ಲವನ್ನೂ ಟೆಕ್ಸ್ಟ್ ಎಂಬ, ಉದ್ದ ಬರಹದ ಕಾಲಂ ಮಾಡಿದೆ. ಟೆಕ್ಸ್ಟ್ ಕಾಲಂ ಈ ಮಿತಿಯಲ್ಲಿ 9ರಿಂದ 12 ಬೈಟ್ ಮಾತ್ರ ತಿನ್ನುತ್ತದೆ. ಟೇಬಲ್ ಆಯಿತು, ನನಗೂ ಸಮಾಧಾನವಾಯಿತು. ಆದರೆ ಮಾಹಿತಿಯನ್ನು ಡಿಸ್ಕಿನಲ್ಲಿ ಇಡುವ ಕೆಲಸ ಮೈಎಸ್‌ಕ್ಯೂಎಲ್ ಒಳಗಿನ ಇನ್ನೊಡಿಬಿ ಎಂಬ ಭಾಗದ್ದು. ಅದು ಪುಟ ಪುಟವಾಗಿ ಇಡುತ್ತದೆ, ಒಂದು ಪುಟ 16 ಕೆಬಿ. ಒಂದು ಸಾಲು ಅದರ ಅರ್ಧಕ್ಕಿಂತ ತುಸು ಕಡಿಮೆಯಲ್ಲೇ ಕೂರಬೇಕು, ಸುಮಾರು 8,000 ಬೈಟ್. ಸಾಲನ್ನು ಪುಟದಲ್ಲಿ ಜೋಡಿಸುವ ರೀತಿಯಲ್ಲಿ ನಮ್ಮದು ಹಳೆಯ ಕಾಂಪ್ಯಾಕ್ಟ್ ವಿನ್ಯಾಸ. ಉದ್ದ ಬರಹದ ಮೊದಲ 768 ಬೈಟನ್ನು ಅದು ಸಾಲಿನಲ್ಲೇ ಇಟ್ಟು, ಉಳಿದದ್ದನ್ನು ಬೇರೆ ಪುಟಕ್ಕೆ ಕಳಿಸುತ್ತದೆ. ಕನ್ನಡಕ್ಕೆ 256 ಸಂಕೇತವಾದರೆ 768 ಮುಗಿಯಿತು! ಗುಮಾಸ್ತರು ಕಾಳಜಿಯಿಂದ ವಿವರವಾಗಿ ಬರೆದ ಹತ್ತು ಷರಾ ತುಂಬಿದ ಮೇಲೆ ಹನ್ನೊಂದನೆಯದಕ್ಕೆ ಜಾಗವಿಲ್ಲ. ಅದೂ ಸುಗ್ಗಿಯ ನಡುವೆ, ಕೌಂಟರಿನ ಮುಂದೆ ಜನ ನಿಂತಿರುವಾಗ.

ಮೈಎಸ್‌ಕ್ಯೂಎಲ್‌ನ 5.7.9 ಆವೃತ್ತಿಯಿಂದ ತಾನಾಗಿ ಬರುವ ಡೈನಮಿಕ್ ವಿನ್ಯಾಸದಲ್ಲಿ ತೀರ ಉದ್ದದ್ದು ಪೂರ್ತಿ ಹೊರಗೆ ಹೋಗಿ, ಸಾಲಿನಲ್ಲಿ 20 ಬೈಟಿನ ಗುರುತು ಉಳಿಯುತ್ತದೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಕೂಡ ಸಾಲು ಸುಮಾರು 2 ಕೆಬಿ ದಾಟಿದರೆ ದೊಡ್ಡ ಮೌಲ್ಯಗಳನ್ನು ಕುಗ್ಗಿಸುತ್ತದೆ, ಇಲ್ಲವೇ ಹೊರಗಿಡುತ್ತದೆ. ಡೈನಮಿಕ್ ವಿನ್ಯಾಸಕ್ಕೆ ಬದಲಾಯಿಸಿಕೊಂಡಿದ್ದರೆ ಅಂದಿನ ಕೆಲಸ ನಡೆಯುತ್ತಿತ್ತು. ಆದರೂ ನಾನು ಅಲ್ಲಿಗೆ ನಿಲ್ಲಲಿಲ್ಲ. 72 ಕಾಲಮ್ಮಿಗೆ ಒಂದೇ ಬಗೆಯ ಹೆಸರು, ಒಂದೇ ಕೆಲಸ ಇದ್ದರೆ ಅವು ಕಾಲಮ್ಮುಗಳೇ ಅಲ್ಲ, ಸಾಲುಗಳು. ನಾನು ಅವನ್ನು ಅಡ್ಡ ಮಲಗಿಸಿದ್ದೆ. ಎಲ್ಲವನ್ನೂ ಜೇಸನ್ ಎಂಬ ಬರಹದ ರೂಪದಲ್ಲಿ ಒಂದೇ ಗಂಟು ಕಟ್ಟಿ ಒಂದು ಕಾಲಮ್ಮಿನೊಳಗಿಡಿ ಎಂದವರೂ ಇದ್ದರು. ಗಂಟು ಹಿಡಿಸುತ್ತಿತ್ತು, ಆದರೆ ಫೆಬ್ರುವರಿಯಲ್ಲಿ ಎಷ್ಟು ಚಾಲಿ ಬಂತೆಂದು ಕೇಳಿದಾಗಲೆಲ್ಲ ಅದನ್ನು ಬಿಚ್ಚಬೇಕಿತ್ತು.

ಹೊಸ ಟೇಬಲ್ ಮಾಡಿದೆ: ಸದಸ್ಯ ಸಂಖ್ಯೆ, ತಾರೀಕು, ಬಗೆ, ತೂಕ, ದರ, ಷರಾ. ಮಾಲು ಬಂದಷ್ಟು ಸಲ ಒಂದೊಂದು ಸಾಲು. ಬಾರದ ತಿಂಗಳಿಗೆ ಸಾಲೇ ಇಲ್ಲ. ಷರಾ ಮಾತ್ರ ಟೆಕ್ಸ್ಟ್ ಆಗಿಯೇ ಉಳಿಯಿತು. ಗುಮಾಸ್ತರು ಈಗಲೂ ಉದ್ದುದ್ದವಾಗಿ, ಅಚ್ಚ ಕನ್ನಡದಲ್ಲಿ ಬರೆಯುತ್ತಾರೆ.