ಗೋದಲಿಗೆ ಮುಂಚಿನ ಭಾನುವಾರಗಳು

ಕೇಳುಗರಿಗೆ ನಮಸ್ಕಾರ.

ನವೆಂಬರ್ ಮುಗಿಯುವ ಮೊದಲೇ ಶಿವಮೊಗ್ಗದ ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳು ತೂಗಾಡತೊಡಗುತ್ತವೆ. ಮನೆಗಳಲ್ಲಿ ಕುಸ್ವಾರಿಗೆ, ಅಂದರೆ ಕ್ರಿಸ್ಮಸ್ ತಿಂಡಿಗಳಿಗೆ, ಎಷ್ಟು ಅಕ್ಕಿ ನೆನೆಹಾಕಬೇಕು, ಎಷ್ಟು ತೆಂಗಿನಕಾಯಿ ಬೇಕು ಎಂಬ ಲೆಕ್ಕ ಶುರುವಾಗುತ್ತದೆ. ಬೇಡವೆನ್ನುವವನು ನಾನಲ್ಲ, ನೆವ್ರಿ ಕರಿಯುವ ವಾಸನೆಯಿಲ್ಲದ ಕ್ರಿಸ್ಮಸ್ ನನಗೂ ಸಪ್ಪೆಯೇ. ಆದರೆ ಆಗಮನ ಕಾಲಕ್ಕೆಂದು, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಸಿದ್ಧತೆಯ ಕಾಲಕ್ಕೆಂದು, ಕಥೋಲಿಕ ಧರ್ಮಸಭೆ ಆರಿಸಿಟ್ಟಿರುವ ಬೈಬಲ್ ವಾಚನಗಳಿಗೆ ನಮ್ಮ ಅವಸರವಿಲ್ಲ. ಮೊದಲ ಮೂರು ಭಾನುವಾರಗಳ ಶುಭಸಂದೇಶದಲ್ಲಿ, ಅಂದರೆ ಯೇಸುವಿನ ಬದುಕನ್ನು ಹೇಳುವ ವಾಚನದಲ್ಲಿ, ಯೇಸುವನ್ನು ಮಲಗಿಸಿದ ಗೋದಲಿಯೂ ಇಲ್ಲ, ಕೂಸೂ ಇಲ್ಲ.

2025ರ ಆಗಮನ ಕಾಲ ನವೆಂಬರ್ 30ರ ಭಾನುವಾರ ಆರಂಭವಾಗುತ್ತದೆ. ವಾಚನಗಳ ಮೂರು ವರ್ಷದ ಸರದಿಯಲ್ಲಿ ಇದು ಮತ್ತಾಯನ ಶುಭಸಂದೇಶ ಓದುವ ವರ್ಷ. ಮೊದಲ ದಿನವೇ ಯೇಸು ನೋಹನ ಕಾಲದ ಮಾತೆತ್ತುತ್ತಾರೆ. ಜನ ಉಣ್ಣುತ್ತಿದ್ದರು, ಕುಡಿಯುತ್ತಿದ್ದರು, ಮದುವೆ ಮಾಡುತ್ತಿದ್ದರು. ಪ್ರಳಯ ಬಂದು ಕೊಚ್ಚಿಕೊಂಡು ಹೋಗುವವರೆಗೂ ಅವರಿಗೆ ಏನೂ ತಿಳಿಯಲಿಲ್ಲ. ಇಲ್ಲಿ ಅವರ ಮೇಲೆ ಬೇರಾವ ದೂರೂ ಇಲ್ಲ ಎಂಬುದನ್ನು ಗಮನಿಸಿ. ಉಂಡದ್ದಕ್ಕೆ ಯಾರೂ ಬೈದಿಲ್ಲ, ಮೈಮರೆತದ್ದಕ್ಕೆ ಬೈದಿದ್ದಾರೆ. ಕುಸ್ವಾರಿನ ಲೆಕ್ಕದಲ್ಲಿ ಮುಳುಗಿರುವ ನಮಗೆ ಇದು ಸ್ವಲ್ಪ ಚುಚ್ಚಬೇಕಾದ ಮಾತು.

ಎರಡನೆಯ ಭಾನುವಾರ, ಯೇಸುವಿಗೆ ದಾರಿ ಸಿದ್ಧಮಾಡಿದ ಪ್ರವಾದಿ ಸ್ನಾನಿಕ ಯೊವಾನ್ನ ಒಂಟೆಯ ಕೂದಲಿನ ಬಟ್ಟೆ ಉಟ್ಟು ಬರುತ್ತಾನೆ. ಕೊಡಲಿ ಆಗಲೇ ಮರದ ಬೇರಿಗೆ ತಾಗಿದೆ ಎಂದು ಗದರುತ್ತಾನೆ. ಪಾಪನಿವೇದನೆಗೆ ಹೋಗಲು ಮೀನಮೇಷ ಎಣಿಸುವವರಿಗೆ ಇಷ್ಟು ಸಾಕು.

ನಾನು ನಿಲ್ಲಲು ಬಯಸುವುದು ಮೂರನೆಯ ಭಾನುವಾರದಲ್ಲಿ, ಡಿಸೆಂಬರ್ 14ರಂದು. ಹಿಂದಿನ ವಾರ ಗುಡುಗಿದ ಅದೇ ಯೊವಾನ್ನ ಈಗ ಸೆರೆಮನೆಯಲ್ಲಿದ್ದಾನೆ. ಬರಬೇಕಾದವರು ನೀವೋ, ಇಲ್ಲ ನಾವು ಇನ್ನೊಬ್ಬರಿಗಾಗಿ ಕಾಯಬೇಕೋ ಎಂದು ಶಿಷ್ಯರ ಕೈಯಲ್ಲಿ ಕೇಳಿ ಕಳುಹಿಸುತ್ತಾನೆ. ಅಂಥ ಪ್ರವಾದಿಗೇ ಅನುಮಾನ! ಗುಲಾಬಿ ಬಣ್ಣದ ಮೇಣದಬತ್ತಿ ಹಚ್ಚುವ, ಹರ್ಷಿಸಿರಿ ಎನ್ನುವ ಭಾನುವಾರದಂದೇ ಈ ಪ್ರಶ್ನೆಯನ್ನು ಓದಿಸುವ ಧೈರ್ಯ ಧರ್ಮಸಭೆಗೆ ಇದೆ. ಯೇಸು ಹೌದು ಎನ್ನುವುದಿಲ್ಲ, ಕೋಪಿಸಿಕೊಳ್ಳುವುದೂ ಇಲ್ಲ. ಕುರುಡರು ನೋಡುತ್ತಿದ್ದಾರೆ, ಕುಂಟರು ನಡೆಯುತ್ತಿದ್ದಾರೆ, ಕಂಡದ್ದನ್ನು ಹೋಗಿ ಹೇಳಿ ಎನ್ನುತ್ತಾರೆ. ಅದೇ ದಿನದ ಮೊದಲ ವಾಚನ, ಯೆಶಾಯನ 35ನೇ ಅಧ್ಯಾಯ, ಕೇಳಿದ್ದವರಿಗೆ ಉತ್ತರ ಎಲ್ಲಿಂದ ಬಂತೆಂದು ಹೊಳೆಯುತ್ತದೆ. ತಡವಾಗಿ ಬಂದು ಶುಭಸಂದೇಶಕ್ಕೆ ಮಾತ್ರ ಎದ್ದು ನಿಂತವರಿಗೆ ಅದು ದಕ್ಕುವುದಿಲ್ಲ.

ಅಂದಿನ ಎರಡನೆಯ ವಾಚನ ಯಕೋಬನ ಪತ್ರದ್ದು. ಮುಂಗಾರು ಹಿಂಗಾರು ಎರಡೂ ಬರುವವರೆಗೆ ತಾಳ್ಮೆಯಿಂದ ಕಾಯುವ ಬೇಸಾಯಗಾರನನ್ನು ನೋಡಿ ಎನ್ನುತ್ತಾನೆ ಯಕೋಬ. ಸಾಗರ, ತೀರ್ಥಹಳ್ಳಿಯ ಕಡೆಯವರಿಗೆ ಇಲ್ಲಿ ನಗು ಬಂದರೆ ತಪ್ಪಿಲ್ಲ. ಡಿಸೆಂಬರಿನಲ್ಲಿ ನಮ್ಮ ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿರುತ್ತದೆ. ಒಂದು ಮೋಡ ಕಂಡರೆ ಮನೆಮಂದಿಯೆಲ್ಲ ಟಾರ್ಪಾಲು ಹಿಡಿದು ಓಡುತ್ತೇವೆ. ಆದರೂ ಯಕೋಬನ ತಾಳ್ಮೆ ಎಂಥದೆಂದು ಅಡಿಕೆ ಬೆಳೆಗಾರನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿ, ಗೊನೆ ಇಳಿಸಿ, ಮೆಟ್ಟುಗತ್ತಿಯ ಮುಂದೆ ರಾತ್ರಿಯವರೆಗೆ ಕೂತು ಸುಲಿದವನೇ ಕೊನೆಗೆ ಬಿಸಿಲಿಗಾಗಿ ಕಾಯುತ್ತಾನೆ. ಕೈಕಟ್ಟಿ ಕೂತವನನ್ನು ಯಾರೂ ತಾಳ್ಮೆಯವನು ಎನ್ನುವುದಿಲ್ಲ.

ಅದರ ಬೆನ್ನಿಗೇ ಯಕೋಬ ಇನ್ನೊಂದು ಮಾತು ಹೇಳುತ್ತಾನೆ: ಒಬ್ಬರ ಮೇಲೊಬ್ಬರು ಗೊಣಗಬೇಡಿ. ನನ್ನನ್ನು ಕೇಳಿದರೆ ಇಡೀ ಆಗಮನ ಕಾಲಕ್ಕೆ ಈ ಒಂದು ಸಾಲು ಹಿಡಿದುಕೊಂಡರೂ ಆದೀತು. ಬೇಲಿಯ ವಿಚಾರಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ದೇವಾಲಯದಲ್ಲಿ ಆಚೆ ಈಚೆ ಬೆಂಚಿನಲ್ಲಿ ಕೂತು ಇದೇ ವಾಚನ ಕೇಳುತ್ತಾರೆ, ಮುಗಿದ ಮೇಲೆ ಬೇರೆ ಬೇರೆ ಬಾಗಿಲಿನಿಂದ ಹೊರಡುತ್ತಾರೆ. ಹೃದಯ ಸಿದ್ಧಮಾಡುವ ಕೆಲಸ ಇವರಲ್ಲಿ ಒಬ್ಬ ಇನ್ನೊಬ್ಬನ ಬಾಗಿಲಿಗೆ ಬರುವುದರಿಂದ ಶುರುವಾಗಬೇಕು. ಕ್ರಿಸ್ಮಸ್ ದಿನ ಕುಸ್ವಾರಿನ ತಟ್ಟೆ ಕಳುಹಿಸಿ ತೇಲಿಸಿಬಿಡುವುದು ಸುಲಭ, ಆದರೆ ಅದು ಕ್ಷಮೆಯಲ್ಲ.

ಡಿಸೆಂಬರ್ 17ರಿಂದ ವಾಚನಗಳು ಯೇಸುವಿನ ಜನನದತ್ತ ತಿರುಗುತ್ತವೆ. ಆ ದಿನ ಮತ್ತಾಯ ಬರೆದ ಯೇಸುವಿನ ವಂಶಾವಳಿ. ಹೆಸರುಗಳ ಉದ್ದ ಸಾಲು ಕೇಳಿ ಹಿಂದಿನ ಬೆಂಚಿನಲ್ಲಿ ಆಕಳಿಕೆ ಏಳುತ್ತದೆ. ಕಿವಿ ಕೊಟ್ಟರೆ ತಾಮಾರ್, ರಾಹಾಬ್, ರೂತ್, ಊರಿಯನ ಹೆಂಡತಿ ಸಿಗುತ್ತಾರೆ, ಜನ ಬೆರಳು ತೋರಿಸುವ ಇಲ್ಲವೇ ಹೊರಗಿನಿಂದ ಬಂದ ಹೆಂಗಸರು. ನಮ್ಮ ಮನೆತನದ ಕಥೆ ಹೇಳುವಾಗ ನಾವಾದರೆ ಮೆಲ್ಲಗೆ ಬಿಟ್ಟುಬಿಡುತ್ತಿದ್ದ ಹೆಸರುಗಳು ಇವು. ಮತ್ತಾಯ ಬಿಡಲಿಲ್ಲ. 21ರ ಭಾನುವಾರ, ಯೇಸುವಿನ ತಾಯಿ ಮರಿಯಳೊಂದಿಗೆ ಮದುವೆ ಗೊತ್ತಾಗಿದ್ದ ಜೋಸೆಫರ ಸರದಿ. ಶುಭಸಂದೇಶಗಳಲ್ಲಿ ಅವರ ಬಾಯಿಂದ ಒಂದು ಮಾತೂ ದಾಖಲಾಗಿಲ್ಲ. ಕನಸು ಕಂಡು ಎದ್ದರು, ದೂತ ಹೇಳಿದಂತೆ ಮರಿಯಳನ್ನು ಮನೆಗೆ ಕರೆದುಕೊಂಡರು.

ಈ ಶನಿವಾರ ರಾತ್ರಿ ಜಪಸರ ಮುಗಿದ ಮೇಲೆ ಮತ್ತಾಯನ 24ನೇ ಅಧ್ಯಾಯ ತೆರೆಯಿರಿ, 37ರಿಂದ 44ರವರೆಗೆ. ಮನೆಯ ಮಕ್ಕಳಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಮೊಬೈಲ್ ಪಕ್ಕಕ್ಕಿಟ್ಟು ಕೇಳಲಿ. ಎಂಟೇ ವಚನ, ಎರಡು ನಿಮಿಷ ಹಿಡಿಯುವುದಿಲ್ಲ.

ನಮಸ್ಕಾರ.