ಡ್ರ್ಯಾಗನ್ ಬಾಲ್ ಎಲ್ಲಿಂದ ಶುರು ಮಾಡಬೇಕು? | ಶಿವಮೊಗ್ಗ ಟು ತೀರ್ಥಹಳ್ಳಿ, ಒಂದು ಕೇಬಲ್ ಮತ್ತು ಅಡಿಕೆ ಸುಲಿತ

ನಮಸ್ಕಾರ, ಎಲ್ಲರೂ ಹೇಗಿದ್ದೀರಿ? ಇದು ಶಿವಮೊಗ್ಗ, ದುರ್ಗಿಗುಡಿ. ಸ್ವಲ್ಪ ಗಲಾಟೆ ಜಾಸ್ತಿ ಇದೆ, ಸಹಿಸಿಕೊಳ್ಳಿ. ಇವತ್ತು ಊರಿಗೆ ಹೊರಟಿದ್ದೇನೆ, ತೀರ್ಥಹಳ್ಳಿ ಹತ್ತಿರ. ಅಡಿಕೆ ಸುಲಿತ ಶುರುವಾಗಿದೆ. ಚಿಕ್ಕಪ್ಪನ ಮಗ ಈಗ ಒಂಬತ್ತನೇ ಕ್ಲಾಸು, ಮೊನ್ನೆ ಫೋನ್ ಮಾಡಿ "ಅಣ್ಣಾ, ಡ್ರ್ಯಾಗನ್ ಬಾಲ್ ನೋಡ್ಬೇಕು, ಝಡ್‌ನಿಂದ ಶುರು ಮಾಡ್ಲಾ?" ಅಂತ ಕೇಳಿದ. ಬೇಡ ಮಾರಾಯ, ನಾನೇ ಬರ್ತೀನಿ ಇರು ಅಂದೆ. ಗೊತ್ತಿಲ್ಲದವರಿಗೆ, ಡ್ರ್ಯಾಗನ್ ಬಾಲ್ ಅಂದರೆ ಗೊಕು ಅನ್ನೋ ಹುಡುಗನ ಕಥೆ ಹೇಳುವ ಜಪಾನಿ ಕಾರ್ಟೂನ್, ಝಡ್ ಅದರ ಎರಡನೇ ಸರಣಿ.

ಉತ್ತರ ಮೊದಲೇ ಹೇಳಿಬಿಡುತ್ತೇನೆ, ಕೊನೆವರೆಗೆ ಕಾಯಿಸಲ್ಲ. 1986ರಲ್ಲಿ ಬಂದ ಮೊದಲ ಡ್ರ್ಯಾಗನ್ ಬಾಲ್‌ನಿಂದ ಶುರು ಮಾಡಿ. 153 ಎಪಿಸೋಡ್ ಇದೆ. ಆಮೇಲೆ ಝಡ್, ಅದು 291. ಆಮೇಲೆ ಸೂಪರ್, 131. ಬಂದ ಕ್ರಮದಲ್ಲೇ ನೋಡಿ. ಕಥೆಯ ಕಾಲದ ಪ್ರಕಾರ ಜೋಡಿಸ್ತೀನಿ, ಅಲ್ಲಿ ನಿಲ್ಲಿಸಿ ಇಲ್ಲಿಗೆ ಬಂದು ಮತ್ತೆ ಅಲ್ಲಿಗೆ ಹೋಗ್ತೀನಿ ಅನ್ನೋ ಚಾರ್ಟ್‌ಗಳು ಸಿಗುತ್ತವೆ, ಅವು ಯಾವುದೂ ಬೇಡ.

ಯಾಕೆ ಅಂತ ಹೇಳುತ್ತೇನೆ. ತಮ್ಮಾ, ನೀನು ಇದನ್ನು ನೋಡುತ್ತಿದ್ದರೆ ಒಂದು ನಿಮಿಷ ಮುಂದೆ ಓಡಿಸು. ಓಡಿಸಿದ್ಯಾ? ಸರಿ. ಝಡ್ ಶುರುವಾಗುತ್ತಿದ್ದ ಹಾಗೇ ರಾಡಿಟ್ಜ್ ಅನ್ನುವವನು ಆಕಾಶದಿಂದ ಇಳಿದು, ಗೊಕು ಈ ಭೂಮಿಯವನೇ ಅಲ್ಲ ಅಂತ ಹೇಳುತ್ತಾನೆ. ಮೊದಲಿಂದ ನೋಡಿದವರಿಗೆ ಗೊಕು ಅಂದರೆ ಕಾಡಲ್ಲಿ ಅಜ್ಜ ಸಾಕಿದ ಹುಡುಗ. ಅವನಿಗೆ ಬಾಲ ಇದೆ, ಹುಣ್ಣಿಮೆ ಚಂದ್ರನನ್ನು ನೋಡಿದರೆ ಗುಡ್ಡದಷ್ಟು ದೊಡ್ಡ ಕೋತಿ ಆಗುತ್ತಾನೆ, ನಾವು ಅದನ್ನೆಲ್ಲ ಸುಮ್ನೆ ಒಪ್ಪಿಕೊಂಡು ನಕ್ಕು ಮುಂದೆ ಹೋಗಿರುತ್ತೇವೆ. ಅಷ್ಟು ಎಪಿಸೋಡ್ ಆದಮೇಲೆ ಆ ಮಾತು ಬಂದರೆ ಹಿಂದೆ ನೋಡಿದ್ದೆಲ್ಲ ತಲೆಯಲ್ಲಿ ಮತ್ತೆ ಓಡುತ್ತದೆ. ಝಡ್‌ನಿಂದ ಶುರು ಮಾಡಿದವರಿಗೆ ಆ ಮಜಾ ಇಲ್ಲವೇ ಇಲ್ಲ. ಪಿಕ್ಕೊಲೊ ವಿಷಯವೂ ಅಷ್ಟೇ. ಮೊದಲ ಸರಣಿಯ ಕೊನೆಯ ಟೂರ್ನಮೆಂಟ್‌ನಲ್ಲಿ ಗೊಕುನ ಕೊಲ್ಲಲಿಕ್ಕೇ ಬಂದವನು ಅವನು. ಅದನ್ನು ನೋಡಿದ್ದರೆ ತಾನೇ, ಮುಂದೆ ಅವನು ಗೊಕುನ ಮಗನಿಗೆ ಅಡ್ಡ ನಿಂತಾಗ ಗಂಟಲು ಕಟ್ಟೋದು.

ಈ ಅಂಗಡಿ ನೋಡಿ. ಹೆಸರು ಮಸುಕು ಮಾಡಿದ್ದೇನೆ. ಇಲ್ಲಿ ಆಗಿದ್ದನ್ನು ಹೇಳದೆ ಮುಂದೆ ಹೋಗಲ್ಲ ನಾನು.

ಊರಲ್ಲಿ ನೆಟ್‌ವರ್ಕ್ ಒಂದು ಗೀಟು ಬಂದರೆ ಪುಣ್ಯ. ಅದಕ್ಕೆ ಎಪಿಸೋಡ್‌ಗಳನ್ನು ಇಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೊರಟಿದ್ದೇನೆ. ಟಿವಿಗೆ ಹಾಕೋಕೆ ಒಂದು ಎಚ್‌ಡಿಎಂಐ ಕೇಬಲ್ ಬೇಕಿತ್ತು. ಐದು ಮೀಟರ್, ಯಾಕಂದರೆ ಟಿವಿ ಜಗಲಿಯ ಆ ಗೋಡೆಗೆ, ಪ್ಲಗ್ ಈ ಗೋಡೆಗೆ. 650 ರೂಪಾಯಿ ಅಂದರು. ಕೊಟ್ಟೆ. "ಒಂದ್ಸಲ ಹಾಕಿ ತೋರಿಸ್ತೀರಾ?" ಅಂದೆ. "ಸೀಲ್ಡ್ ಪ್ಯಾಕ್ ಸಾರ್, ಏನೂ ಆಗಲ್ಲ" ಅಂದರು. ಪಕ್ಕದ ರಸ್ತೆಯಲ್ಲೇ ಫ್ರೆಂಡ್ ರೂಮಿದೆ, ಯಾವುದಕ್ಕೂ ಇರಲಿ ಅಂತ ಅಲ್ಲಿ ಹಾಕಿ ನೋಡಿದೆ. ಚಿತ್ರ ಬರುತ್ತದೆ, ಸ್ವಲ್ಪ ಹೊತ್ತಿಗೆ ಕಪ್ಪು. ಮತ್ತೆ ಬರುತ್ತದೆ, ಮತ್ತೆ ಕಪ್ಪು. ಈ ಕ್ಲೋಸಪ್ ನೋಡಿ, ತುದಿಯ ಲೋಹದ ಭಾಗ ಪ್ಲಾಸ್ಟಿಕ್ ಒಳಗೆ ಅಲ್ಲಾಡುತ್ತಿದೆ. ಬೆರಳಲ್ಲಿ ಹೀಗೆ ಒತ್ತಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ಹೊರಗೆ ಬರುತ್ತದೆ. ಹೊಸಾ ಕೇಬಲ್ ಇದು! ವಾಪಸ್ ತಗೊಂಡು ಹೋದರೆ, "ಪ್ಯಾಕ್ ಒಡೆದಿದ್ದೀರಲ್ಲ ಸಾರ್, ಇನ್ನು ತಗೊಳ್ಳಲ್ಲ." ಅಲ್ಲ, ಪ್ಯಾಕ್ ಒಡೆಯದೆ ಕೇಬಲ್ ಕೆಟ್ಟಿದೆ ಅಂತ ಯಾರಿಗಾದರೂ ಹೇಗೆ ಗೊತ್ತಾಗಬೇಕು? ಅದನ್ನೇ ಕೇಳಿದೆ. ಅವರು ಫೋನ್ ನೋಡುತ್ತಾ ಕೂತರು. ಬಿಲ್ ಕೇಳಿದರೆ ಕೈಯಲ್ಲಿ ಬರೆದ ಚೀಟಿ, ಅದರಲ್ಲಿ ಅಂಗಡಿ ಹೆಸರೂ ಇಲ್ಲ. ನೂರು ರೂಪಾಯಿ ಆಗಿದ್ದರೆ ಬಿಡುತ್ತಿದ್ದೆನೇನೋ, 650 ಬಿಡೋಕೆ ಮನಸ್ಸು ಬರಲ್ಲ. ಬಾಗಿಲಲ್ಲೇ ನಿಂತೆ, ಗಿರಾಕಿಗಳಿಗೆಲ್ಲ ಕೇಬಲ್ ತೋರಿಸುತ್ತಾ ನಿಂತೆ. ಕೊನೆಗೆ 300 ವಾಪಸ್ ಕೊಟ್ಟರು. ಅದೂ ಏನೋ ದಾನ ಮಾಡಿದವರ ಮುಖ ಮಾಡಿಕೊಂಡು.

ಆಮೇಲೆ ಒಳಗಿನ ಗಲ್ಲಿಯಲ್ಲಿ ಟಿವಿ ರಿಪೇರಿ ಮಾಡುವವರ ಹತ್ತಿರ ಹೋದೆ. ಅವರೇ ಕೇಬಲ್ ಬಿಚ್ಚಿ, ತಮ್ಮ ಟಿವಿಗೆ ಚುಚ್ಚಿ, ಎಳೆದು ಬಗ್ಗಿಸಿ ತೋರಿಸಿದರು. 280 ರೂಪಾಯಿ. ಅದೇ ಐದು ಮೀಟರ್. ಶಿವಮೊಗ್ಗದವರು ದಯವಿಟ್ಟು ಹಾಕಿ ತೋರಿಸುವ ಕಡೆಯೇ ತಗೊಳ್ಳಿ. ಸಾಕು, ಬಸ್ ಬಂತು.

ಇದು ಗಾಜನೂರು. ಈ ಕಡೆ ತುಂಗಾ ಡ್ಯಾಮಿನ ಹಿನ್ನೀರು. ಸಕ್ರೆಬೈಲು ಬಂತು, ಆನೆ ಬಿಡಾರ. ಆನೆ ಸ್ನಾನ ನೋಡಬೇಕು ಅಂದರೆ ಬೆಳಿಗ್ಗೆಯೇ ಬರಬೇಕು, ಮಧ್ಯಾಹ್ನ ಬಂದರೆ ಏನೂ ಸಿಗಲ್ಲ. ಮಂಡಗದ್ದೆಯಲ್ಲೂ ಈಗ ಹಕ್ಕಿ ಇಲ್ಲ. ಮಳೆಗಾಲದಲ್ಲಿ ಬನ್ನಿ, ನದಿ ಮಧ್ಯದ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟಿರುತ್ತವೆ, ಎಲೆಗಿಂತ ಹಕ್ಕಿಯೇ ಜಾಸ್ತಿ ಕಾಣುತ್ತವೆ. ಅದಕ್ಕೇ ಒಂದು ಬೇರೆ ವಿಡಿಯೊ ಮಾಡೋಣ.

ಬಸ್ಸಲ್ಲಿ ಕೂತು ಝಡ್ ಮತ್ತು ಅದನ್ನೇ ಚಿಕ್ಕದು ಮಾಡಿದ ಕಾಯ್, ಈ ಎರಡರ ವಿಷಯ ಮುಗಿಸಿಬಿಡುತ್ತೇನೆ. ಎಲ್ಲರೂ ಜಗಳ ಆಡೋದು ಇದಕ್ಕೇ. ಮೂಲ ಕಥೆ ಅಕಿರಾ ತೊರಿಯಾಮಾ ಬರೆದ ಮಂಗಾ, ಅಂದರೆ ಜಪಾನಿ ಚಿತ್ರಕಥೆ. 1984ರಿಂದ 1995ರವರೆಗೆ ವಾರ ವಾರ ಪತ್ರಿಕೆಯಲ್ಲಿ ಬರುತ್ತಿತ್ತು. ಟಿವಿಯಲ್ಲೂ ವಾರಕ್ಕೊಂದು ಎಪಿಸೋಡ್. ಅವರು ವಾರಕ್ಕೆ ಬರೆಯುತ್ತಿದ್ದದ್ದು ಹದಿನೈದು ಪುಟದ ಆಸುಪಾಸು, ಅಷ್ಟರಲ್ಲಿ ಇಪ್ಪತ್ತು ನಿಮಿಷ ತುಂಬಿಸಬೇಕು, ಜೊತೆಗೆ ಮಂಗಾವನ್ನು ದಾಟಿ ಮುಂದೆ ಹೋಗುವ ಹಾಗೂ ಇಲ್ಲ. ಆಗ ಟಿವಿಯವರು ಮಾಡಿದ್ದು ಎಳೆಯೋದು. ನಮೆಕ್ ಗ್ರಹ ಇನ್ನು ಐದು ನಿಮಿಷದಲ್ಲಿ ಸಿಡಿಯುತ್ತದೆ ಅಂತ ಖಳನಾಯಕ ಫ್ರೀಝಾ ಹೇಳುತ್ತಾನೆ, ಅದು ಸಿಡಿಯೋಕೆ ಸುಮಾರು ಹತ್ತು ಎಪಿಸೋಡ್ ಬೇಕು. ಗಾರ್ಲಿಕ್ ಜೂನಿಯರ್ ಕಥೆ ಅಂತ ಇದೆ, ಅದು ಮಂಗಾದಲ್ಲಿ ಇಲ್ಲವೇ ಇಲ್ಲ.

ಅದಕ್ಕೇ 2009ರಲ್ಲಿ ಕಾಯ್ ಬಂತು. ಝಡ್‌ನಲ್ಲಿ ಎಳೆದ ಭಾಗಗಳನ್ನು ಕತ್ತರಿಸಿ, ಮಂಗಾಗೆ ಹತ್ತಿರ ತಂದು, ಮಾತುಗಳನ್ನು ಹೊಸದಾಗಿ ರೆಕಾರ್ಡ್ ಮಾಡಿದರು. ಸೆಲ್ ಅನ್ನೋ ಖಳನ ಕಥೆ ಮುಗಿಯೋಕೆ ಝಡ್‌ನಲ್ಲಿ 194 ಎಪಿಸೋಡ್, ಕಾಯ್‌ನಲ್ಲಿ ನೂರೂ ಇಲ್ಲ. ಅದರ ಮುಂದಿನ ಖಳ ಬೂನ ಕಥೆ 2014ರಲ್ಲಿ ಸೇರಿತು. ಪರೀಕ್ಷೆ ಇರುವ ಹುಡುಗನಿಗೆ ಕಾಯ್ ಸಾಕು, ಮೊದಲ ಡ್ರ್ಯಾಗನ್ ಬಾಲ್ ಮುಗಿಸಿ ಸೀದಾ ಕಾಯ್ ಹಾಕು ಅಂತ ಹೇಳೋದು ನನ್ನ ತೀರ್ಮಾನ. ಇಳಿಯೋ ಸ್ಟಾಪ್ ಬಂತು.

ಮನೆ. ರಾತ್ರಿ ಊಟ ಆಗಿದೆ. ಚಪ್ಪರದ ಕೆಳಗೆ ಹಸಿ ಅಡಿಕೆ ರಾಶಿ ಬಿದ್ದಿದೆ, ಎಲ್ಲರೂ ಮೆಟ್ಟುಗತ್ತಿ ಇಟ್ಟುಕೊಂಡು ಕೂತಿದ್ದಾರೆ. ಅತ್ತೆಯ ಕೈ ನೋಡಿ. ಕತ್ತಿಗೆ ಅಡಿಕೆ ಒತ್ತುತ್ತಾರೆ, ಸಿಪ್ಪೆ ಎರಡು ಹೋಳಾಗಿ ಬಿಟ್ಟುಕೊಳ್ಳುತ್ತದೆ, ಕಾಯಿ ಬುಟ್ಟಿಗೆ, ಮತ್ತೊಂದು. ಅವರ ಕಣ್ಣು ಟಿವಿ ಮೇಲೆ. ಕೈಯಲ್ಲಿ ಚೊಗರು ಹಿಡಿದು ಕಪ್ಪಾಗಿದೆ, ರಿಮೋಟ್ ಮುಟ್ಟೋ ಹಾಗಿಲ್ಲ.

ಇಲ್ಲಿ ಕೂತ ಮೇಲೆ ನನ್ನ ತೀರ್ಮಾನ ಬದಲಾಗಿದೆ. ಈ ಕೆಲಸಕ್ಕೆ ಝಡ್ಡೇ ಸರಿ. ಯಾಕಂದರೆ ಸುಲಿಯುವಾಗ ಕಣ್ಣು ಅರ್ಧ ಕತ್ತಿ ಮೇಲೆ ಇರಬೇಕು, ಬೆರಳಿನ ವಿಷಯ ಇದು. ಕಾಯ್‌ನಲ್ಲಿ ಒಂದು ನಿಮಿಷ ತಲೆ ಬಗ್ಗಿಸಿದರೆ ಕಥೆ ಮುಂದೆ ಹೋಗಿಬಿಟ್ಟಿರುತ್ತದೆ. ಝಡ್‌ನಲ್ಲಿ ಬುಟ್ಟಿ ತುಂಬಿಸಿ, ಖಾಲಿ ಮಾಡಿ ಬಂದು ಕೂತರೂ ಗೊಕು ಇನ್ನೂ ಹಲ್ಲು ಕಚ್ಚಿಕೊಂಡು ಶಕ್ತಿ ಕೂಡಿಸುತ್ತಾ ಇರುತ್ತಾನೆ. ಇನ್ನೊಂದು, ಗೊಕು ಮತ್ತು ಪಿಕ್ಕೊಲೊ ಡ್ರೈವಿಂಗ್ ಕಲಿಯೋಕೆ ಹೋಗುವ ಎಪಿಸೋಡ್ ಝಡ್‌ನಲ್ಲಿ ಮಾತ್ರ ಇದೆ. ಕಥೆಗೆ ಅದರಿಂದ ಏನೂ ಉಪಯೋಗ ಇಲ್ಲ, ಆದರೆ ಅದನ್ನು ನೋಡದೆ ಇರಬೇಡಿ. ಹಾಗಾಗಿ ಕೈಗೆ ಕೆಲಸ ಇದ್ದರೆ ಝಡ್, ಬರೀ ನೋಡೋಕೆ ಕೂತರೆ ಕಾಯ್.

ಭಾಷೆ? ಜಪಾನಿ ಭಾಷೆಯಲ್ಲೇ ನೋಡಿ ಅಂತ ಬೇರೆಯವರಿಗೆಲ್ಲ ಹೇಳುತ್ತೇನೆ. ಮಾಸಾಕೊ ನೊಝಾವಾ ಅನ್ನೋ ಕಲಾವಿದೆ 1986ರಿಂದ ಗೊಕುಗೆ ದನಿ ಕೊಟ್ಟವರು. ಗೊಕು ಬೆಳೆದು ದೊಡ್ಡವನಾದ ಮೇಲೂ ಅವರದ್ದೇ ದನಿ, ಅವನ ಮಕ್ಕಳಾದ ಗೊಹಾನ್, ಗೊಟೆನ್ ಇಬ್ಬರಿಗೂ ಅವರೇ. ಆದರೆ ಅಡಿಕೆ ಸುಲಿಯುತ್ತಾ ಸಬ್‌ಟೈಟಲ್ ಓದೋಕೆ ಆಗಲ್ಲ, ಇಲ್ಲಿ ಇಂಗ್ಲಿಷ್ ಡಬ್ಬೇ ಹಾಕಿದ್ದೇವೆ. ಅಜ್ಜಿಗೆ ಎರಡೂ ಒಂದೇ. "ಈ ಹುಡುಗಂಗೆ ಬಾಲ ಎಂತಕ್ಕಾ?" ಅಂತ ಕೇಳಿದರು. ಚೀನಾದವರ ಹಳೇ ಕಥೆ, ಪಶ್ಚಿಮಕ್ಕೆ ಯಾತ್ರೆ ಹೋಗೋದು, ಅದರಲ್ಲಿ ಬರುವ ವಾನರ ವೀರನನ್ನು ನೋಡಿ ಮಾಡಿದ್ದು ಅಜ್ಜಿ, ಉದ್ದ ಆಗೋ ಕೋಲು, ಹತ್ತಿಕೊಂಡು ಹೋಗೋಕೆ ಮೋಡ, ಎಲ್ಲ ಅಲ್ಲಿಂದಲೇ ಬಂದಿದ್ದು ಅಂದೆ. "ಹಂಗಾರೆ ಹನುಮಂತನ ಪೈಕಿಯೇ" ಅಂದರು. ಆಮೇಲೆ ಏಳಲೇ ಇಲ್ಲ, ಪೂರ್ತಿ ನೋಡಿದರು.

ಬ್ಯಾಟರಿ ಕಡಿಮೆ ಆಗುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. 1989ರಿಂದ 1995ರವರೆಗೆ ಬಂದ ಝಡ್‌ನ ಸಿನಿಮಾಗಳು ಹದಿಮೂರು ಇವೆ, ಅವನ್ನು ಕಥೆಯ ಮಧ್ಯೆ ತೂರಿಸಬೇಡಿ, ಸರಿಯಾಗಿ ಕೂರಲ್ಲ. ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಭವಿಷ್ಯದಿಂದ ಬರುವ ಟ್ರಂಕ್ಸ್ ಅನ್ನೋ ಹುಡುಗನ ಬಗ್ಗೆ 1993ರಲ್ಲಿ ಬಂದ ಟಿವಿ ಸ್ಪೆಷಲ್ ಮಾತ್ರ ಸೆಲ್ ಕಥೆ ಆದಮೇಲೆ ನೋಡಲೇಬೇಕು. ಝಡ್‌ನ ಕೊನೆಯ ಭಾಗದಲ್ಲಿ ಕಥೆ ಹತ್ತು ವರ್ಷ ಮುಂದೆ ಹಾರುತ್ತದೆ, ಸೂಪರ್ ಕಥೆ ನಡೆಯೋದು ಆ ಹತ್ತು ವರ್ಷದ ಒಳಗೆ. ಅದಕ್ಕೆ ಕೆಲವರು 288ಕ್ಕೆ ನಿಲ್ಲಿಸಿ ಸೂಪರ್ ನೋಡಿ ಅನ್ನುತ್ತಾರೆ. ನಾನು ಒಪ್ಪಲ್ಲ. ಅದು ತೊರಿಯಾಮಾ ಮಂಗಾಗೆ ಕೊಟ್ಟ ಮುಕ್ತಾಯ, ಅದನ್ನು ಅದರ ಜಾಗದಲ್ಲೇ ನೋಡಿ.

ಸೂಪರ್‌ನ ಮೊದಲ 27 ಎಪಿಸೋಡ್ ಬಿಟ್ಟರೂ ನಡೆಯುತ್ತದೆ. 2013 ಮತ್ತು 2015ರ ಎರಡು ಸಿನಿಮಾಗಳ ಕಥೆಯನ್ನೇ ಅಲ್ಲಿ ಮತ್ತೆ ಹೇಳಿದ್ದಾರೆ, ಚಿತ್ರಗಳೂ ಸಿನಿಮಾದಷ್ಟು ಚೆನ್ನಾಗಿಲ್ಲ. ಆ ಎರಡು ಸಿನಿಮಾ ನೋಡಿ 28ರಿಂದ ಹಿಡಿಯಿರಿ. ಮುಗಿದ ಮೇಲೆ 2018ರ ಬ್ರೋಲಿ, 2022ರ ಸೂಪರ್ ಹೀರೊ ಸಿನಿಮಾಗಳು. ಡೈಮಾ ಅಂತ ಇನ್ನೊಂದು ಸರಣಿ ಇದೆ, ಕಥೆ ಬೂ ಆದಮೇಲೆ ನಡೆದರೂ ಅದನ್ನು ಇವೆಲ್ಲ ಆದಮೇಲೇ ನೋಡಿ, 20 ಎಪಿಸೋಡ್. ತೊರಿಯಾಮಾ ಕಥೆ ಬರೆದುಕೊಟ್ಟು 2024ರ ಮಾರ್ಚ್‌ನಲ್ಲಿ ತೀರಿಕೊಂಡರು, ಅದು ಟಿವಿಗೆ ಬಂದಿದ್ದು ಅಕ್ಟೋಬರ್‌ನಲ್ಲಿ. ಅಲ್ಲಿಗೆ ಬರೋ ಹೊತ್ತಿಗೆ ಎಲ್ಲವನ್ನೂ ನೋಡಿರಬೇಕು ಅನ್ನೋದು ನನ್ನ ಆಸೆ.

ಝಡ್ ಆದಮೇಲೆ ಬಂದ ಜಿಟಿ ಅನ್ನೋ ಸರಣಿ ಬೇಡ. ಕಥೆ ತೊರಿಯಾಮಾದ್ದಲ್ಲ, 64 ಎಪಿಸೋಡ್, ಮೊದಲರ್ಧ ಬೋರು. ಆದರೆ ಕೊನೆಯ ಎಪಿಸೋಡ್ ಇದೆಯಲ್ಲ... ಸರಿ, ಜಿಟಿ ನೋಡಿ. ಎಲ್ಲಕ್ಕಿಂತ ಕೊನೆಗೆ, ಆತುರ ಇಲ್ಲದಾಗ ನೋಡಿ.

ತಮ್ಮ ಮೊದಲ ಎಪಿಸೋಡ್ ಮತ್ತೆ ಹಾಕಿದ್ದಾನೆ. ಬುಲ್ಮಾ ಅನ್ನೋ ಹುಡುಗಿ ಕಾರು ತಂದು ಗೊಕುಗೆ ಗುದ್ದೋ ಸೀನ್ ಬಂತು, ನಾನು ಹೊರಟೆ. ಕೇಬಲ್ ಎಲ್ಲಿ ತಗೊಂಡಿರಿ, ಎಷ್ಟು ಕೊಟ್ಟಿರಿ ಕಾಮೆಂಟ್ ಮಾಡಿ.