ಹೊರಗೆ ಹೋದವರು ನಿಜವಾಗಿ ಹೊರಗೆ ಹೋದರಾ?

ಎಲ್ಲರಿಗೂ ನಮಸ್ಕಾರ.

ಲಾಗಿನ್ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನಾನು ಜಾಸ್ತಿ ಮಾತಾಡುವುದು ಲಾಗೌಟ್ ಬಗ್ಗೆ. ಯಾಕೆ ಅಂತ ಗೊತ್ತಾಗಲಿ ಎಂದು ನಾನೇ ಪೆಚ್ಚಾದ ಒಂದು ಪ್ರಸಂಗದಿಂದ ಶುರು ಮಾಡುತ್ತೇನೆ.

ಕೆಲಸಕ್ಕೆ ಸೇರಿದ ಹೊಸದು. ಒಂದು ವೆಬ್ ಅಪ್ಲಿಕೇಶನ್‌ಗೆ ಲಾಗಿನ್, ಲಾಗೌಟ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಲಾಗಿನ್‌ಗೆ ಎರಡು ವಾರ ಹಿಡಿಯಿತು. ಲಾಗೌಟ್‌ಗೆ ಹತ್ತು ನಿಮಿಷ. ಮರುದಿನ ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿ ಕರೆದರು. "ಸ್ವಲ್ಪ ಇಲ್ಲಿ ಬನ್ನಿ, ಒಂದು ತಮಾಷೆ ತೋರಿಸ್ತೀನಿ." ಎಫ್12 ಒತ್ತಿ ಕುಕೀಗಳ, ಅಂದರೆ ಸೈಟುಗಳು ಬ್ರೌಸರ್‌ನಲ್ಲಿ ಇಟ್ಟಿರುವ ಗುರುತಿನ ಚೀಟಿಗಳ, ಪಟ್ಟಿ ತೆರೆದರು. ಅಲ್ಲಿದ್ದ ಉದ್ದನೆಯ ಅಕ್ಷರಗಳ ಸಾಲನ್ನು ನೋಟ್‌ಪ್ಯಾಡಿಗೆ ಕಾಪಿ ಮಾಡಿಕೊಂಡರು. ಆಮೇಲೆ ನನ್ನ ಲಾಗೌಟ್ ಬಟನ್ ಒತ್ತಿದರು. ಲಾಗಿನ್ ಪುಟ ಬಂತು, ಕುಕೀ ಮಾಯವಾಯಿತು. ಸರಿಯಾಗೇ ಇದೆಯಲ್ಲ ಅಂದುಕೊಂಡೆ. ಅವರು ಅದೇ ಸಾಲನ್ನು ವಾಪಸ್ ಕುಕೀ ಜಾಗದಲ್ಲಿ ಪೇಸ್ಟ್ ಮಾಡಿ ರೀಫ್ರೆಶ್ ಒತ್ತಿದರು. ಒಳಗಿನ ಪುಟ ತೆರೆದುಕೊಂಡಿತು. ಮೇಲೆ "ಸ್ವಾಗತ" ಅಂತ ಬೇರೆ ಬರೆದಿತ್ತು.

"ನೀವು ಹೇಳಿದ್ದು ಬ್ರೌಸರ್‌ಗೆ ಮಾತ್ರ. ಇವರು ಹೋದ್ರು ಅಂತ ಸರ್ವರ್‌ಗೆ ಗೊತ್ತೇ ಇಲ್ಲ" ಅಂದರು.

ಬಾಗಿಲು ಎಳೆದುಕೊಂಡಿದ್ದೆ, ಚಿಲಕ ಹಾಕಿರಲಿಲ್ಲ.

ಈ ತಪ್ಪಿನ ಬೇರು ವೆಬ್‌ನ ಸ್ವಭಾವದಲ್ಲೇ ಇದೆ. ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಕ್ರಮವಾದ ಎಚ್‌ಟಿಟಿಪಿಗೆ ನೆನಪಿಲ್ಲ. ನೀವು ಒಂದು ಪುಟ ಕೇಳಿದಿರಿ, ಸರ್ವರ್ ಕೊಟ್ಟಿತು, ಅಲ್ಲಿಗೆ ಮುಗಿಯಿತು. ಮರುಕ್ಷಣ ಇನ್ನೊಂದು ಪುಟ ಕೇಳಿದರೆ ನೀವು ಯಾರೋ ಹೊಸಬರು. 1994ರಲ್ಲಿ ನೆಟ್‌ಸ್ಕೇಪ್‌ನಲ್ಲಿದ್ದ ಲೂ ಮೊಂಟುಲಿ ಇದಕ್ಕೆ ಕುಕೀ ಎಂಬ ಉಪಾಯ ಮಾಡಿದರು. ಸರ್ವರ್ ಒಂದು ಚೀಟಿ ಕೊಡುತ್ತದೆ. ಬ್ರೌಸರ್ ಅದನ್ನು ಇಟ್ಟುಕೊಂಡು, ಪ್ರತಿ ಸಲ ಹೋದಾಗಲೂ ತೋರಿಸುತ್ತದೆ. ಅಷ್ಟೇ. ಮೂವತ್ತು ವರ್ಷ ದಾಟಿದರೂ ನಮ್ಮ ಲಾಗಿನ್‌ಗಳು ಬಹುಪಾಲು ನಿಂತಿರುವುದು ಈ ಚೀಟಿಯ ಮೇಲೇ.

ಲಾಗಿನ್ ಆಗುವಾಗ ಏನಾಗುತ್ತದೆ ನೋಡೋಣ. ಹೆಸರು, ಪಾಸ್‌ವರ್ಡ್ ಬಂತು. ಸರ್ವರ್ ತಾಳೆ ನೋಡಿತು, ಸರಿಯಿದೆ. ಆಗ ಅದು ಒಂದು ದೊಡ್ಡ ಸಂಖ್ಯೆಯನ್ನು ಹುಟ್ಟಿಸುತ್ತದೆ. "ಈ ಸಂಖ್ಯೆ ಇಂಥ ಬಳಕೆದಾರರದ್ದು, ಇಷ್ಟು ಹೊತ್ತಿಗೆ ಬಂದರು, ಇಷ್ಟು ಹೊತ್ತಿನವರೆಗೆ ಇರಬಹುದು" ಅಂತ ತನ್ನ ಟೇಬಲ್‌ನಲ್ಲಿ ಒಂದು ಸಾಲು ಬರೆದುಕೊಳ್ಳುತ್ತದೆ. ಆ ಸಂಖ್ಯೆಯನ್ನೇ ಕುಕೀಯಾಗಿ ಬ್ರೌಸರ್‌ಗೆ ಕಳಿಸುತ್ತದೆ. ಪಾಸ್‌ವರ್ಡ್‌ನ ಕೆಲಸ ಅಲ್ಲಿಗೆ ಮುಗಿಯಿತು. ಇನ್ನು ಮುಂದೆ ನಡೆಯುವುದೆಲ್ಲ ಚೀಟಿಯ ಮೇಲೆ.

ಪಾಸ್‌ವರ್ಡ್ ಹೀಗಿರಬೇಕು, ಅದರಲ್ಲಿ ದೊಡ್ಡಕ್ಷರ ಇರಬೇಕು, ಅಂಕಿ ಇರಬೇಕು ಅಂತ ಬಳಕೆದಾರರ ಪ್ರಾಣ ತಿನ್ನುತ್ತೇವೆ, ಅಲ್ವಾ? ಆದರೆ ಪಾಸ್‌ವರ್ಡ್ ಕೇಳುವುದು ಒಂದೇ ಸಲ. ಚೀಟಿ ಮಾತ್ರ ದಿನಕ್ಕೆ ನೂರಾರು ಸಲ ಓಡಾಡುತ್ತದೆ. ಅದು ಕಳ್ಳನ ಕೈಗೆ ಸಿಕ್ಕರೆ ಅವನಿಗೆ ಪಾಸ್‌ವರ್ಡ್ ಬೇಕಾಗಿಯೇ ಇಲ್ಲ. ಮೊಬೈಲ್‌ಗೆ ಬರುವ ಒಟಿಪಿಯೂ ಬೇಡ. ಅದನ್ನೆಲ್ಲ ನೀವೇ ದಾಟಿಸಿಕೊಟ್ಟಾಗಿದೆ.

2010ರ ಅಕ್ಟೋಬರ್‌ನಲ್ಲಿ ಎರಿಕ್ ಬಟ್ಲರ್ ಎಂಬ ಪ್ರೋಗ್ರಾಮರ್ ಫೈರ್‌ಶೀಪ್ ಅಂತ ಒಂದು ಫೈರ್‌ಫಾಕ್ಸ್ ಎಕ್ಸ್‌ಟೆನ್ಷನ್ ಬಿಟ್ಟರು. ಆಗ ಎಷ್ಟೋ ಸೈಟುಗಳು ಪಾಸ್‌ವರ್ಡ್ ಹೋಗುವ ಪುಟವನ್ನು ಮಾತ್ರ ಎಚ್‌ಟಿಟಿಪಿಎಸ್‌ನಲ್ಲಿ, ಅಂದರೆ ದಾರಿಯಲ್ಲಿ ಯಾರೂ ಓದಲಾಗದ ಗೂಢಲಿಪಿಯಲ್ಲಿ, ಇಟ್ಟು, ಉಳಿದಿದ್ದನ್ನೆಲ್ಲ ಬಟಾಬಯಲಲ್ಲಿ ಬಿಟ್ಟಿದ್ದವು. ಪಾಸ್‌ವರ್ಡ್ ಭದ್ರ, ಚೀಟಿ ಬೀದಿಪಾಲು. ಪಾಸ್‌ವರ್ಡ್ ಇಲ್ಲದ ವೈಫೈನಲ್ಲಿ ಕೂತು ಫೈರ್‌ಶೀಪ್ ಚಾಲೂ ಮಾಡಿದರೆ ಅಕ್ಕಪಕ್ಕದವರ ಖಾತೆಗಳು ಪಟ್ಟಿಯಾಗಿ ಕಾಣುತ್ತಿದ್ದವು. ಒಂದರ ಮೇಲೆ ಕ್ಲಿಕ್ ಮಾಡಿದರೆ ನೀವು ಅವರೇ. ಗೊತ್ತಿರುವವರಿಗೆ ಈ ತೂತು ಹಳೆಯದೇ. ಅದನ್ನು ಎಲ್ಲರ ಕಣ್ಣಿಗೆ ಕಾಣಿಸಿದ್ದು ಫೈರ್‌ಶೀಪ್. ಆಮೇಲೆ ದೊಡ್ಡ ಸೈಟುಗಳು ಒಂದೊಂದಾಗಿ ಪೂರ್ತಿ ಎಚ್‌ಟಿಟಿಪಿಎಸ್‌ಗೆ ಬಂದವು.

ಚೀಟಿಯನ್ನು ಜೋಪಾನ ಮಾಡುವ ಕ್ರಮ ನಿಮಗೆ ಗೊತ್ತಿರುವುದೇ, ಬೇಗ ಹೇಳಿಬಿಡುತ್ತೇನೆ. ಸಂಖ್ಯೆ 1, 2, 3 ಅಂತ ಸಾಲಾಗಿ ಇರಬಾರದು. ಯಾರೂ ಊಹಿಸಲಾಗದ 128 ಬಿಟ್‌ನದ್ದಾದರೆ ಸಾಕು. ಅದನ್ನು ನೀವು ಹುಟ್ಟಿಸಲು ಹೋಗಬೇಡಿ, ಫ್ರೇಮ್‌ವರ್ಕ್‌ಗೆ, ಅಂದರೆ ವೆಬ್ ಅಪ್ಲಿಕೇಶನ್ ಕಟ್ಟಲು ಸಿಗುವ ಸಿದ್ಧ ಕೋಡಿಗೆ, ಬಿಡಿ. ಕುಕೀಗೆ ಸೆಕ್ಯೂರ್ ಅಂತ ಹಾಕಿದರೆ ಅದು ಎಚ್‌ಟಿಟಿಪಿಎಸ್ ಬಿಟ್ಟು ಬೇರೆ ದಾರಿಯಲ್ಲಿ ಹೋಗುವುದಿಲ್ಲ. ಎಚ್‌ಟಿಟಿಪಿ ಓನ್ಲಿ ಅಂತ ಹಾಕಿದರೆ ಪುಟದಲ್ಲಿರುವ ಜಾವಾಸ್ಕ್ರಿಪ್ಟ್ ಅದನ್ನು ಓದಲು ಆಗುವುದಿಲ್ಲ. ಸೇಮ್‌ಸೈಟ್ ಅಂತ ಹಾಕಿದರೆ ಬೇರೆ ಸೈಟು ಕದ್ದು ಕಳಿಸಿದ ಫಾರ್ಮ್‌ಗೆ ನಿಮ್ಮ ಚೀಟಿ ಅಂಟಿಕೊಳ್ಳುವುದಿಲ್ಲ. ನೀವು ಏನೂ ಹೇಳದಿದ್ದರೆ ಕ್ರೋಮ್ 2020ರಿಂದ ಅದನ್ನು ಲ್ಯಾಕ್ಸ್, ಅಂದರೆ ಸ್ವಲ್ಪ ಸಡಿಲವಾದ ಸೇಮ್‌ಸೈಟ್, ಅಂತಲೇ ಹಿಡಿಯುತ್ತದೆ. ಆದರೂ ನೀವೇ ಬರೆಯಿರಿ.

ಒಂದನ್ನು ಮಾತ್ರ ನಿಧಾನವಾಗಿ ಹೇಳಬೇಕು. ಲಾಗಿನ್ ಆದ ಕೂಡಲೇ ಚೀಟಿ ಬದಲಾಗಬೇಕು. ತುಂಬ ಸೈಟುಗಳು ಲಾಗಿನ್‌ಗೆ ಮುಂಚೆಯೇ ಒಂದು ಚೀಟಿ ಕೊಟ್ಟಿರುತ್ತವೆ. ಯಾರೋ ಒಬ್ಬ ತನಗೆ ಸಿಕ್ಕ ಚೀಟಿಯನ್ನು ಹೇಗೋ ಮಾಡಿ ನಿಮ್ಮ ಬ್ರೌಸರ್‌ಗೆ ತುರುಕಿದ ಅಂದುಕೊಳ್ಳಿ. ನೀವು ಅದೇ ಚೀಟಿಯ ಮೇಲೆ ಲಾಗಿನ್ ಆದಿರಿ. ಈಗ ಅವನ ಹತ್ತಿರ ಇರುವುದೂ ಅದೇ ಸಂಖ್ಯೆ. ಅವನು ಏನೂ ಕದಿಯಲಿಲ್ಲ, ಮೊದಲೇ ಇಟ್ಟು ಕಾದ. ಒಂದು ಚೀಟಿಯ ಮೇಲೆ ನಡೆಯುವ ಭೇಟಿಗೆ ಸೆಷನ್ ಅಂತ ಹೆಸರು. ಪಿಎಚ್‌ಪಿ ಭಾಷೆಯಲ್ಲಿ ಇದಕ್ಕೆ ಸೆಷನ್ ರೀಜನರೇಟ್ ಐಡಿ ಅಂತ ಒಂದು ಫಂಕ್ಷನ್ ಇದೆ. ಒಂದೇ ಸಾಲು. ಆ ಒಂದು ಸಾಲನ್ನು ಮರೆತ ಕೋಡನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಈಗ ಲಾಗೌಟ್‌ಗೆ ಬರೋಣ.

ಲಾಗೌಟ್ ಎಂದರೆ ಸರ್ವರ್‌ನ ಟೇಬಲ್‌ನಿಂದ ಆ ಸಾಲನ್ನು ಅಳಿಸುವುದು. ಕುಕೀ ಅಳಿಸುವುದು ಆಮೇಲಿನ ಮಾತು. ನನ್ನ ಹಳೆಯ ಕೋಡಿನಲ್ಲಿ ಟೇಬಲ್ಲೇ ಇರಲಿಲ್ಲ. ಬಳಕೆದಾರರು ಯಾರು ಎಂಬುದನ್ನೆಲ್ಲ ಕುಕೀ ಒಳಗೇ ಬರೆದು, ಯಾರಾದರೂ ತಿದ್ದಿದರೆ ಗೊತ್ತಾಗುವ ಹಾಗೆ ಸಹಿ ಹಾಕಿ ಕಳಿಸುತ್ತಿದ್ದೆ. ಫ್ಲಾಸ್ಕ್, ರೈಲ್ಸ್ ಎಂಬ ಫ್ರೇಮ್‌ವರ್ಕ್‌ಗಳಲ್ಲಿ ನೀವು ಬದಲಿಸದಿದ್ದರೆ ಸೆಷನ್ ಇರುವುದು ಕುಕೀ ಒಳಗೇ. ಸಹಿ ಸರಿಯಿದ್ದರೆ ಸರ್ವರ್ ಒಳಗೆ ಬಿಡುತ್ತದೆ. ಲಾಗೌಟ್ ಅಂದರೆ "ಚೀಟಿ ಹರಿದು ಹಾಕು" ಅಂತ ಬ್ರೌಸರ್‌ಗೆ ಹೇಳುವುದು, ಅಷ್ಟೇ. ಅದರ ನಕಲು ಯಾರ ಹತ್ತಿರವಾದರೂ ಇದ್ದರೆ ಅದು ಇನ್ನೂ ಚಲಾವಣೆಯಲ್ಲಿದೆ. ಇದು ಫ್ರೇಮ್‌ವರ್ಕ್‌ನ ತಪ್ಪಲ್ಲ. ಸಣ್ಣ ಕೆಲಸಕ್ಕೆ ಅದು ಸಾಕು. ಎಲ್ಲಿ ಸಾಲದು ಅಂತ ನನಗೆ ಗೊತ್ತಿರಬೇಕಿತ್ತು.

ಪಿಎಚ್‌ಪಿಯಲ್ಲಿ ಇನ್ನೊಂದು ಬಗೆ. ಸೆಷನ್ ಡಿಸ್ಟ್ರಾಯ್ ಅಂತ ಜೋರು ಹೆಸರಿನ ಫಂಕ್ಷನ್ ಇದೆ. ಎಲ್ಲ ಧ್ವಂಸ ಮಾಡುತ್ತದೆ ಅಂತ ನಂಬಿರುತ್ತೇವೆ. ಅದು ಸರ್ವರ್‌ನಲ್ಲಿ ಉಳಿಸಿಟ್ಟ ಮಾಹಿತಿಯನ್ನು ತೆಗೆಯುತ್ತದೆ ನಿಜ. ಆದರೆ ಕುಕೀಯನ್ನು ಮುಟ್ಟುವುದಿಲ್ಲ. ಆ ರಿಕ್ವೆಸ್ಟ್‌ನಲ್ಲಿ ಆಗಲೇ ವೇರಿಯಬಲ್‌ಗೆ ಬಂದಿರುವುದನ್ನೂ ಅಳಿಸುವುದಿಲ್ಲ. ಅವೆರಡನ್ನೂ ನೀವೇ ಮಾಡಬೇಕು. ಕುಕೀ ಅಳಿಸುವಾಗ ಇನ್ನೊಂದು ಎಡವಟ್ಟು ಕಾದಿರುತ್ತದೆ. ಕೊಡುವಾಗ ಯಾವ ಪಾಥ್, ಯಾವ ಡೊಮೈನ್ ಹೇಳಿದ್ದಿರೋ ಅಳಿಸುವಾಗಲೂ ಅದನ್ನೇ ಹೇಳಬೇಕು. ಬೇರೆ ಹೇಳಿದರೆ ಬ್ರೌಸರ್ ಅದನ್ನು ಇನ್ನೊಂದು ಕುಕೀ ಅಂದುಕೊಳ್ಳುತ್ತದೆ. ಹಳೆಯದು ಹಾಗೇ ಕೂತಿರುತ್ತದೆ. ಎರರ್ ಕೂಡ ಬರುವುದಿಲ್ಲ.

ಲಾಗೌಟನ್ನು ಸಾದಾ ಲಿಂಕ್ ಮಾಡಬೇಡಿ, ಬಟನ್ ಒತ್ತಿ ಕಳಿಸುವ ಪೋಸ್ಟ್ ಫಾರ್ಮ್ ಮಾಡಿ. ಲಿಂಕನ್ನು ಮನುಷ್ಯರೇ ಒತ್ತಬೇಕು ಅಂತ ಇಲ್ಲ. 2005ರಲ್ಲಿ ಗೂಗಲ್ ವೆಬ್ ಆಕ್ಸಿಲರೇಟರ್ ಅಂತ ಒಂದು ಸಾಫ್ಟ್‌ವೇರ್ ಬಂತು. ಪುಟ ಬೇಗ ತೆರೆಯಲಿ ಅಂತ ಅದು ಪುಟದಲ್ಲಿದ್ದ ಲಿಂಕ್‌ಗಳನ್ನೆಲ್ಲ ತಾನೇ ಮುಂಚಿತವಾಗಿ ತೆರೆದು ತಂದಿಡುತ್ತಿತ್ತು. ಅದರಲ್ಲಿ ಡಿಲೀಟ್ ಲಿಂಕೂ ಇರುತ್ತಿತ್ತು, ಲಾಗೌಟ್ ಲಿಂಕೂ ಇರುತ್ತಿತ್ತು. ಬಳಕೆದಾರರು ಕೈಕಟ್ಟಿ ಕೂತಿದ್ದಾಗಲೇ ಅವರ ಬರಹ ಅಳಿಸಿಹೋಯಿತು. ಆ ಸಾಫ್ಟ್‌ವೇರ್ ಈಗಿಲ್ಲ. ಆದರೆ ಇವತ್ತಿನ ಫ್ರೇಮ್‌ವರ್ಕ್‌ಗಳೂ ಲಿಂಕನ್ನು ಮೊದಲೇ ತಂದಿಡುತ್ತವೆ, ಹಾಗಾಗಿ ಅದೇ ಆಟ ಮತ್ತೆ ನಡೆಯುತ್ತದೆ. ಜಾಂಗೋ ಎಂಬ ಫ್ರೇಮ್‌ವರ್ಕ್ ಇದನ್ನು ಗಟ್ಟಿಯಾಗಿ ಹಿಡಿಯಿತು. 2023ರ ಕೊನೆಗೆ ಬಂದ 5.0 ಆವೃತ್ತಿಯಿಂದ ಅದರ ಲಾಗೌಟ್ ವ್ಯೂ, ಲಿಂಕ್ ಒತ್ತಿದಾಗ ಹೋಗುವ ಗೆಟ್ ರಿಕ್ವೆಸ್ಟನ್ನು ಒಪ್ಪುವುದೇ ಇಲ್ಲ.

ಬ್ಯಾಕ್ ಬಟನ್ ಬಗ್ಗೆ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಲಾಗೌಟ್ ಆಗಿ ಬ್ಯಾಕ್ ಒತ್ತಿದರೆ ಹಳೆಯ ಪುಟ ಕಾಣುತ್ತದಲ್ಲ ಅಂತ. ಅದು ಬ್ರೌಸರ್ ಇಟ್ಟುಕೊಂಡ ನೆನಪು. ಅಲ್ಲಿಂದ ಏನಾದರೂ ಮಾಡಲು ಹೋದರೆ ಸರ್ವರ್ ಬಿಡುವುದಿಲ್ಲ. ಆದರೆ ಹಲವರು ಬಳಸುವ ಕಂಪ್ಯೂಟರ್‌ನಲ್ಲಿ ಬರೀ ಕಾಣುವುದೂ ತೊಂದರೆಯೇ. ಒಳಗಿನ ಪುಟಗಳಿಗೆ ನೋ ಸ್ಟೋರ್, ಅಂದರೆ "ಇದನ್ನು ಉಳಿಸಿಟ್ಟುಕೊಳ್ಳಬೇಡ", ಅಂತ ಕ್ಯಾಶ್ ಹೆಡರ್ ಹಾಕಿ.

ಇನ್ನು ಜೆಡಬ್ಲ್ಯುಟಿ, ಅಂದರೆ ಜೇಸನ್ ವೆಬ್ ಟೋಕನ್. ಟೋಕನ್ ಅಂದರೂ ಚೀಟಿಯೇ. ಸಹಿ ಹಾಕಿದ ಟೋಕನ್, 2015ರಲ್ಲಿ ಸ್ಟ್ಯಾಂಡರ್ಡ್ ಆಯಿತು. ಸರ್ವರ್ ಏನನ್ನೂ ನೆನಪಿಡಬೇಕಾಗಿಲ್ಲ, ಸಹಿ ನೋಡಿದರೆ ಸಾಕು ಎಂಬುದೇ ಇದರ ಹೆಗ್ಗಳಿಕೆ. ಚೆನ್ನಾಗಿದೆ. ಆದರೆ ನೆನಪಿಡದ ಸರ್ವರ್ ಮರೆಯುವುದಾದರೂ ಏನನ್ನು? ಒಂದು ತಿಂಗಳ ಅವಧಿಯ ಟೋಕನ್ ಕೊಟ್ಟರೆ ಅದು ಒಂದು ತಿಂಗಳು ನಡೆಯುತ್ತದೆ. ಮಧ್ಯದಲ್ಲಿ ರದ್ದು ಮಾಡಬೇಕಾದರೆ ರದ್ದಾದವುಗಳ ಪಟ್ಟಿ ಇಡಬೇಕು. ಪಟ್ಟಿ ಇಟ್ಟರೆ ಸರ್ವರ್ ಮತ್ತೆ ನೆನಪಿಡಲು ಶುರು ಮಾಡಿತು. ಸುತ್ತಿ ಸುತ್ತಿ ಅಲ್ಲಿಗೇ ಬಂದೆವು. ಹಲವರು ಹದಿನೈದು ನಿಮಿಷದ ಟೋಕನ್ ಕೊಟ್ಟು, ಅದನ್ನು ಹೊಸದು ಮಾಡಿಕೊಳ್ಳುವ ಇನ್ನೊಂದು ಟೋಕನ್ನನ್ನು ಡೇಟಾಬೇಸ್‌ನಲ್ಲಿ ಇಡುತ್ತಾರೆ. ಹತ್ತಾರು ಸರ್ವೀಸ್‌ಗಳು ಮಾತಾಡಿಕೊಳ್ಳುವ ದೊಡ್ಡ ವ್ಯವಸ್ಥೆಗೆ ಅದು ಸರಿ. ಒಂದು ಸರ್ವರ್, ಒಂದು ಡೇಟಾಬೇಸ್ ಇರುವ ಕಡೆ ಯಾಕೆ ಬೇಕು ಈ ಉಪದ್ವ್ಯಾಪ? ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರುವವರು ಆಮೇಲೆ ಬನ್ನಿ.

ಟೇಬಲ್ ಇಟ್ಟುಕೊಂಡರೆ ಏನು ಲಾಭ ಅನ್ನುವುದಕ್ಕೆ ದೊಡ್ಡ ಉದಾಹರಣೆ 2018ರ ಸೆಪ್ಟೆಂಬರ್‌ನದ್ದು. ಫೇಸ್‌ಬುಕ್‌ನ "ವ್ಯೂ ಆಸ್" ಎಂಬ ಸೌಲಭ್ಯದಲ್ಲಿದ್ದ ದೋಷದಿಂದ ಬಳಕೆದಾರರ ಟೋಕನ್‌ಗಳು ಕಳುವಾದವು. ಪಾಸ್‌ವರ್ಡ್ ಅಲ್ಲ, ಟೋಕನ್. ಕಂಪನಿ ಸುಮಾರು 9 ಕೋಟಿ ಖಾತೆಗಳ ಟೋಕನ್ ರದ್ದು ಮಾಡಿತು. ಅಷ್ಟೂ ಜನ ಮತ್ತೆ ಲಾಗಿನ್ ಆಗಬೇಕಾಯಿತು. ನಿಜವಾಗಿ ಕಳುವಾಗಿದ್ದು ಸುಮಾರು 3 ಕೋಟಿ ಅಂತ ಆಮೇಲೆ ಗೊತ್ತಾಯಿತು. ಪಾಸ್‌ವರ್ಡ್ ಬದಲಿಸಬೇಕಾಗಿಲ್ಲ ಅಂತಲೇ ಹೇಳಿದರು. ನಿಮ್ಮ ಅಪ್ಲಿಕೇಶನ್‌ನಲ್ಲಿ ಇವತ್ತು ಸಂಜೆಯೊಳಗೆ ಎಲ್ಲರನ್ನೂ ಹೊರಗೆ ಹಾಕಬೇಕು ಅಂದರೆ ಆಗುತ್ತದಾ?

ಅವಧಿಯ ಲೆಕ್ಕಕ್ಕೆ ಬಂದರೆ ಎಲ್ಲರಿಗೂ ಒಪ್ಪುವ ಅಂಕಿ ಇಲ್ಲ. ಪಿಎಚ್‌ಪಿಯ ಮಾಮೂಲಿ ಅಂಕಿ 1440 ಸೆಕೆಂಡ್, ಅಂದರೆ 24 ನಿಮಿಷ. ಜಾಂಗೋದ್ದು ಎರಡು ವಾರ. ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರ ಮಾರ್ಗಸೂಚಿಯಲ್ಲಿ, ಎರಡು ಹಂತದ ದೃಢೀಕರಣ ಬೇಕಾಗುವ ಮಟ್ಟಕ್ಕೆ, ಸುಮ್ಮನೆ ಕೂತು 30 ನಿಮಿಷ ಅಥವಾ ಒಟ್ಟು 12 ಗಂಟೆ ಆದರೆ ಮತ್ತೆ ಗುರುತು ಕೇಳಿ ಅಂದಿತ್ತು. ಹೀಗೆ ಎರಡು ಗಡಿಯಾರ ಇರುವುದು ಒಳ್ಳೆಯದು. ಆದರೆ ಉದ್ದನೆಯ ಫಾರ್ಮ್ ತುಂಬಿ, ಕೊನೆಗೆ ಸಬ್ಮಿಟ್ ಒತ್ತಿದಾಗ "ನಿಮ್ಮ ಸೆಷನ್ ಮುಗಿದಿದೆ" ಅಂತ ಬಂದು, ಬರೆದಿದ್ದೆಲ್ಲ ಹೋದರೆ ಆಗುವ ಸಂಕಟ ನನಗೂ ಗೊತ್ತು, ನಿಮಗೂ ಗೊತ್ತು. ಇದನ್ನು ಭದ್ರತೆ ಅನ್ನಬೇಡಿ. ಬರೆದಿದ್ದನ್ನು ಡ್ರಾಫ್ಟ್ ಆಗಿ ಉಳಿಸಿ, ಮತ್ತೆ ಲಾಗಿನ್ ಮಾಡಿಸಿ, ಅದೇ ಜಾಗಕ್ಕೆ ತಂದು ಬಿಡಿ.

ಕೆಲವು ಸಲ ಅವಧಿಯ ಮೇಲೆ ಅನುಮಾನ ಬರುತ್ತದೆ, ತಪ್ಪು ಬೇರೆಲ್ಲೋ ಇರುತ್ತದೆ. ಒಮ್ಮೆ "ಸುಮ್‌ಸುಮ್ನೆ ಲಾಗೌಟ್ ಆಗ್ತಿದೆ" ಅಂತ ದೂರು ಬರತೊಡಗಿತು. ನಾವು ಮೂರು ದಿನ ಟೈಮೌಟ್ ಅಂಕಿಗಳನ್ನೇ ಹೆಚ್ಚು ಕಡಿಮೆ ಮಾಡಿದೆವು. ಕೊನೆಗೆ ಹೊಳೆಯಿತು, ಹಿಂದಿನ ವಾರ ಎರಡನೇ ಸರ್ವರ್ ಸೇರಿಸಿದ್ದೆವು. ಸೆಷನ್ ಫೈಲ್‌ಗಳು ಒಂದೊಂದು ಸರ್ವರ್‌ನ ಡಿಸ್ಕ್‌ನಲ್ಲಿ ಬೇರೆ ಬೇರೆ ಇದ್ದವು. ಮೊದಲ ಸರ್ವರ್ ಕೊಟ್ಟ ಚೀಟಿಯನ್ನು ಎರಡನೆಯದಕ್ಕೆ ತೋರಿಸಿದರೆ "ನೀನು ಯಾರು?" ಅನ್ನುತ್ತಿತ್ತು. ಸೆಷನ್ ಇಡಲು ಇಬ್ಬರಿಗೂ ಒಂದೇ ರೆಡಿಸ್ ಡೇಟಾಬೇಸ್ ಕೊಟ್ಟ ಮೇಲೆ ದೂರು ನಿಂತಿತು.

ಮೊದಲಿನ ಕಥೆ ಅರ್ಧಕ್ಕೇ ಬಿಟ್ಟಿದ್ದೆ. ಟೇಬಲ್ ಮಾಡಿದೆ, ಲಾಗೌಟ್‌ನಲ್ಲಿ ಸಾಲು ಅಳಿಸಿದೆ, ಅದೇ ಸಹೋದ್ಯೋಗಿಯ ಮುಂದೆ ತಂದಿಟ್ಟೆ. ಅವರು ಕಾಪಿ ಮಾಡಿದರು, ಲಾಗೌಟ್ ಒತ್ತಿದರು, ಪೇಸ್ಟ್ ಮಾಡಿದರು. ಲಾಗಿನ್ ಪುಟವೇ ಬಂತು. ನನಗೆ ಖುಷಿಯಾಯಿತು. ಅವರು ಏನೂ ಹೇಳದೆ ಇನ್ನೊಂದು ಬ್ರೌಸರ್ ತೆರೆದು ಎರಡರಲ್ಲೂ ಲಾಗಿನ್ ಆದರು. ಒಂದರಲ್ಲಿ ಪಾಸ್‌ವರ್ಡ್ ಬದಲಿಸಿದರು. ಇನ್ನೊಂದನ್ನು ರೀಫ್ರೆಶ್ ಮಾಡಿದರು. "ಸ್ವಾಗತ" ಅಂತ ಬಂತು.

ನಾನು ಮತ್ತೆ ಹೋಗಿ ನನ್ನ ಜಾಗದಲ್ಲಿ ಕೂತೆ.